ಯಂತ್ರಕ್ಕೆ ಹಟವಿಲ್ಲ

ಯಂತ್ರವು ಹಟ ಹಿಡಿಯಿತೆಂದು ಜನರು ಹೇಳುವುದುಂಟು. ಎತ್ತು ಹಟ ಹಿಡಿಯಬಹುದು, ಮಗು ಹಟ ಹಿಡಿಯಬಹುದು. ಮನಸ್ಸೇ ಇಲ್ಲದ ಯಂತ್ರಕ್ಕೆ ಹಟವೆಲ್ಲಿಯದು? ಅದು ನಡೆಯದಿದ್ದರೆ ಅದಕ್ಕೊಂದು ಕಾರಣವಿರುವುದು. ಆ ಕಾರಣವನ್ನು ಹುಡುಕದೆ ತೋಳಿನ ಬಲದಿಂದ ಅದನ್ನು ಮಣಿಸಹೊರಡುವುದು ವ್ಯರ್ಥವಷ್ಟೇ ಅಲ್ಲ, ಅಪಾಯಕರವೂ ಹೌದು.

ಗಜೇಂದ್ರಗಡದ ಬಳಿಯ ರಾಜೂರಿನ ಹೊಲವೊಂದರಲ್ಲಿ ಕಳೆದ ಬೇಸಗೆಯಲ್ಲಿ ನಾವು ಕಂಡ ಪ್ರಸಂಗವಿದು. ಬದುವಿನ ಮೇಲೆ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು ತೆಗೆಯಲು ರೈತರೊಬ್ಬರು ಪೆಟ್ರೋಲಿನಿಂದ ನಡೆಯುವ ಚೈನ್‌ಸಾ, ಅಂದರೆ ಸರಪಳಿ ಗರಗಸವನ್ನು ತಂದಿದ್ದರು. ಇಪ್ಪತ್ತು ಮೂವತ್ತು ಸಲ ಹಗ್ಗ ಜಗ್ಗಿದರೂ ಎಂಜಿನು ಚಾಲೂ ಆಗಲಿಲ್ಲ. ಬೇಸತ್ತ ಅವರು ಸನ್ನೆಗಳನ್ನೆಲ್ಲ ಅತ್ತಿತ್ತ ಸರಿಸಿ, ಗರಗಸವನ್ನು ಎಡಗೈಯಲ್ಲಿ ತೂಗಹಿಡಿದು ಮತ್ತೊಮ್ಮೆ ಜಗ್ಗಿದರು. ಅದು ಒಮ್ಮೆಲೇ ಗರ್ಜಿಸಿತು. ಸರಪಳಿಯು ಅವರ ಧೋತರದ ಅಂಚನ್ನು ಹರಿದುಕೊಂಡು ಹೋಯಿತು. ತೊಡೆ ಉಳಿದದ್ದು ಎರಡು ಬೆರಳಿನ ಅಂತರದಲ್ಲಿ. ಪಕ್ಕದಲ್ಲಿ ನಿಂತಿದ್ದ ಅವರ ಮಗ ವಿಜ್ಞಾನದ ವಿದ್ಯಾರ್ಥಿ. ಎಂಜಿನಿನ ಚಿತ್ರವನ್ನು ಪರೀಕ್ಷೆಯಲ್ಲಿ ಅಂದವಾಗಿ ಬರೆದವನು. ಪುಸ್ತಕದ ಎಂಜಿನೇ ತಂದೆಯ ಕೈಯಲ್ಲಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ತಪ್ಪು ಅವನದಲ್ಲ, ಹಾಗೆ ಕಲಿಸಿದ ನಮ್ಮದು.

ಎಂಜಿನು ಚಾಲೂ ಆಗಲು ಬೇಕಾದವು ಮೂರೇ: ತಕ್ಕ ಪ್ರಮಾಣದಲ್ಲಿ ಬೆರೆತ ಇಂಧನ ಮತ್ತು ಗಾಳಿ, ಆ ಮಿಶ್ರಣದ ಮೇಲೆ ಒತ್ತಡ, ಸಕಾಲಕ್ಕೆ ಒಂದು ಕಿಡಿ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದು. ಅದಕ್ಕಾಗಿಯೇ ಚೋಕ್ ಎಳೆದು ಗಾಳಿಯನ್ನು ಕಡಿಮೆ ಮಾಡುವುದು. ಮೊದಲ ಸದ್ದು ಕೇಳಿದ ಮೇಲೂ ಚೋಕನ್ನು ತೆರೆಯದೆ ಜಗ್ಗುತ್ತಿದ್ದರೆ ಪ್ಲಗ್ಗು ಪೆಟ್ರೋಲಿನಲ್ಲಿ ನೆನೆಯುವುದು. ನೆನೆದ ಪ್ಲಗ್ಗಿನಲ್ಲಿ ಕಿಡಿ ಹಾರದು. ರಾಜೂರಿನಲ್ಲಿ ಆದುದೂ ಇದೇ. ಪರಿಹಾರ ಸರಳ. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಬಿಚ್ಚಿ ಒರೆಸಿ ಒಣಗಿಸಬೇಕು. ಹತ್ತಿರ ಬೆಂಕಿ ಬೀಡಿಗಳಿಲ್ಲದಂತೆ ನೋಡಿಕೊಂಡು ನಾಲ್ಕಾರು ಸಲ ಹಗ್ಗ ಜಗ್ಗಿ ಒಳಗಿನ ಪೆಟ್ರೋಲನ್ನು ಹೊರಹಾಕಬೇಕು. ತರುವಾಯ ಪ್ಲಗ್ಗನ್ನು ಕೂಡಿಸಿ, ಚೋಕ್ ತೆರೆದಿಟ್ಟು ಚಾಲೂ ಮಾಡಬೇಕು.

ಪ್ಲಗ್ಗು ಒಣಗಿಯೇ ಇದ್ದರೆ ಇಂಧನವು ಬರುತ್ತಿಲ್ಲವೆಂದು ತಿಳಿಯಬೇಕು. ಈಗಿನ ಪೆಟ್ರೋಲಿನಲ್ಲಿ ಸೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುವ ಗುಣವುಳ್ಳದ್ದು. ತಿಂಗಳುಗಟ್ಟಲೆ ಟ್ಯಾಂಕಿಯಲ್ಲಿ ಉಳಿದ ಪೆಟ್ರೋಲು ಕೆಟ್ಟು, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳಬಹುದು. ಇನ್ನು ಕಿಡಿಯ ಮಾತು. ಈ ಯಂತ್ರದಲ್ಲಿ ಸಾಮಾನ್ಯವಾಗಿ ಬ್ಯಾಟರಿಯಿಲ್ಲ. ತಿರುಗುವ ಚಕ್ರದಲ್ಲಿನ ಅಯಸ್ಕಾಂತವು ತಂತಿಯ ಸುರುಳಿಯ ಮುಂದೆ ಹಾಯುವಾಗ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ನಿಧಾನವಾಗಿ ಜಗ್ಗಿದರೆ ಕಿಡಿ ಏಕೆ ಬಾರದೆಂಬುದನ್ನು ಓದುಗರು ತಾವೇ ಊಹಿಸಬಹುದು.

ಅಪಾಯದ ವಿಷಯದಲ್ಲಿಯೂ ಹೀಗೆಯೇ. ಚೋಕ್ ಎಳೆದಾಗ ಅನೇಕ ಗರಗಸಗಳಲ್ಲಿ ಎಂಜಿನಿನ ವೇಗವು ಹೆಚ್ಚಿಗೆ ನಿಲ್ಲುವುದರಿಂದ, ಚಾಲೂ ಆದ ಕ್ಷಣವೇ ಸರಪಳಿಯು ತಿರುಗಬಲ್ಲದು. ಆದುದರಿಂದ ಸರಪಳಿಯ ಬ್ರೇಕನ್ನು ಹಾಕಿ, ಗರಗಸವನ್ನು ನೆಲದ ಮೇಲಿಟ್ಟು, ಮುಂದಿನ ಹಿಡಿಯನ್ನು ಎಡಗೈಯಿಂದ ಒತ್ತಿ, ಹಿಂದಿನ ಹಿಡಿಯಲ್ಲಿ ಬೂಟಿನ ತುದಿಯನ್ನೂರಿ ಜಗ್ಗಬೇಕು. ಕೆಲಸದ ವೇಳೆ ಸರಪಳಿಯು ಸೆಕೆಂಡಿಗೆ ಸುಮಾರು 20 ಮೀಟರು, ಅಂದರೆ ಗಂಟೆಗೆ 72 ಕಿಲೋಮೀಟರು ಓಡುವುದು. ಪಟ್ಟಿಯ ತುದಿಯ ಮೇಲ್ಭಾಗವು ಕಟ್ಟಿಗೆಗೆ ತಾಗಿ ಸರಪಳಿ ತಡೆದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗರಗಸವೇ ಮೇಲಕ್ಕೆ, ಹಿಡಿದವನ ಮುಖದತ್ತ ಚಿಮ್ಮುವುದು. ಈ ಹಿಂದೊದೆತಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಮನುಷ್ಯನು ಎಚ್ಚೆತ್ತು ಕೈ ಸರಿಸಲು ಅದರ ಇಮ್ಮಡಿ ಕಾಲ ಬೇಕು. ಚುರುಕುತನದಿಂದ ಗೆಲ್ಲಬಹುದೆಂಬುದು ಭ್ರಮೆ. ತುದಿಯನ್ನು ತಾಗಿಸದಿರುವುದು, ಎರಡೂ ಕೈಗಳ ಬಿಗಿಹಿಡಿತ, ಭುಜಕ್ಕಿಂತ ಮೇಲೆ ಗರಗಸವನ್ನೆತ್ತದಿರುವುದು, ಕಣ್ಣು ಕಿವಿ ಕಾಲುಗಳಿಗೆ ರಕ್ಷಣೆ: ಇವೇ ಉಪಾಯ.

ಇದು ಮೆಕ್ಯಾನಿಕನ ಕೆಲಸ, ಭೌತಶಾಸ್ತ್ರದ ಪಾಠವಲ್ಲ ಎನ್ನುವವರಿದ್ದಾರೆ. ನಾವು ಒಪ್ಪಲಾರೆವು. ಮೇಲೆ ಹೇಳಿದುದರಲ್ಲಿ ಪಠ್ಯಪುಸ್ತಕದ ಹೊರಗಿನ ತತ್ತ್ವ ಒಂದೂ ಇಲ್ಲ. ಪ್ರತಿಯೊಂದು ಪ್ರೌಢಶಾಲೆಯೂ ಗುಜರಿಗೆ ಹೋಗುವ ಹಳೆಯ ಎಂಜಿನೊಂದನ್ನು ತಂದು, ವಿದ್ಯಾರ್ಥಿಗಳ ಕೈಯಿಂದಲೇ ಬಿಚ್ಚಿಸಿ ಕೂಡಿಸಲಿ. ವಿದ್ಯಾರ್ಥಿಗಳು ಗರಗಸ ಹಿಡಿಯಬೇಕೆಂದು ನಮ್ಮ ಸೂಚನೆಯಲ್ಲ. ಅದು ತರಬೇತಿ ಪಡೆದ ವಯಸ್ಕರ ಕೆಲಸ. ಆದರೆ ತಂದೆಯು ಮೂವತ್ತನೆಯ ಸಲ ಹಗ್ಗಕ್ಕೆ ಕೈಹಾಕುವಾಗ, “ಅಪ್ಪಾ, ಸ್ವಲ್ಪ ತಡೀರಿ, ಪ್ಲಗ್ಗು ಬಿಚ್ಚಿ ನೋಡೋಣ” ಎನ್ನುವಷ್ಟು ವಿಜ್ಞಾನವು ಮಗನಲ್ಲಿರಬೇಕು. ಅಷ್ಟು ಬಾರದಿದ್ದರೆ, ಪರೀಕ್ಷೆಯಲ್ಲಿ ಪಡೆದ ಅಂಕಗಳು ಯಾರ ಕಾಲನ್ನೂ ಕಾಯಲಾರವು.