ಮುಂಗಡ ಕೊಟ್ಟವರಿಗೆ ಲೆಕ್ಕ ಕೊಡಿ

ಪುಣೆಯಲ್ಲಿ ಸ್ವತಂತ್ರ ಕಾಮಿಕ್ಸ್ ತರುತ್ತೇವೆಂದು ಜನರಿಂದ ದುಡ್ಡು ಎತ್ತಿ, ಹೇಳಿದ ದಿನ ಕಳೆದು ವರ್ಷಗಳಾದರೂ ಪುಸ್ತಕ ಕೊಡದೆ, ಕೇಳಿದವರಿಗೆ ‘ಆತ್ರಿ ಸರ, ಇನ್ನೇನ್ ಪ್ರೆಸ್ಸಿಗೆ ಹೊಂಟೈತಿ’ ಎಂದು ಉತ್ತರ ಕಳಿಸುವ ತಂಡಗಳಿಗೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಒಂದೇ ತಂಡದ ಕಥೆಯಾಗಿದ್ದರೆ ಅವರನ್ನೇ ಕೂರಿಸಿಕೊಂಡು ಮಾತಾಡಿ ಮುಗಿಸಬಹುದಿತ್ತು. ಇದೀಗ ಒಂದು ರೂಢಿಯಾಗಿಬಿಟ್ಟಿದೆ, ಅದಕ್ಕೇ ಬರೆಯಬೇಕಾಗಿದೆ.

ರೂಢಿ ಹೀಗಿದೆ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆಂದು ಬಂದ ಹುಡುಗರು, ಇಲ್ಲಿಯವರೇ ಆದ ಮರಾಠಿ ಗೆಳೆಯರು ಸೇರುತ್ತಾರೆ. ಒಬ್ಬನಿಗೆ ಒಳ್ಳೆಯ ಕಥೆ ಹೊಳೆದಿರುತ್ತದೆ, ಇನ್ನೊಬ್ಬಳ ಕೈಯಲ್ಲಿ ನಿಜವಾದ ಕಸುವಿರುತ್ತದೆ. ಎಂಟು ಪುಟ ಬಣ್ಣ ಹಾಕಿ ಮುಗಿಸಿ, ಒಂದು ವಿಡಿಯೊ ಮಾಡಿ, ‘ದೀಪಾವಳಿಗೆ ನಿಮ್ಮ ಮನೆಗೆ’ ಎಂದು ಘೋಷಿಸುತ್ತಾರೆ. ಕಿಕ್‌ಸ್ಟಾರ್ಟರ್ ಭಾರತದಲ್ಲಿದ್ದು ಯೋಜನೆ ಹಾಕುವವರಿಗೆ ದೊರೆಯುವುದಿಲ್ಲವಾದ್ದರಿಂದ ಇಲ್ಲಿಯ ವೇದಿಕೆಗಳಲ್ಲಿ, ಇಲ್ಲವೇ ನೇರ ಯುಪಿಐನಲ್ಲಿ, ದುಡ್ಡು ಬರುತ್ತದೆ. ಕೊಡುವವರು ಶ್ರೀಮಂತರಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ, ಮಗನಿಗೆ ಕನ್ನಡ ಓದಿಸಬೇಕೆಂಬ ಹಟದ ತಾಯಿ, ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಗುರಿ ಮುಟ್ಟಿದ ದಿನ ತಂಡಕ್ಕೆ ಹಬ್ಬ. ಆಮೇಲೆ ದೀಪಾವಳಿ ಬರುತ್ತದೆ, ಪುಸ್ತಕ ಬರುವುದಿಲ್ಲ. ಮೊದಲ ಎರಡು ತಿಂಗಳು ವಾರಕ್ಕೊಂದು ಸುದ್ದಿ, ಆಮೇಲೆ ತಿಂಗಳಿಗೊಂದು, ಆಮೇಲೆ ಯುಗಾದಿಯ ಶುಭಾಶಯ ಮಾತ್ರ. ಅಷ್ಟರಲ್ಲಿ ಅದೇ ತಂಡ ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಮುಂದಿನ ಸರಣಿಯ ಪೋಸ್ಟರ್ ಮಾರುತ್ತ ಕಾಣಿಸಿಕೊಳ್ಳುತ್ತದೆ.

ಅಂಥ ಒಂದು ಪುಸ್ತಕದ ಕನ್ನಡ ಆವೃತ್ತಿಯ ಪ್ರೂಫ್ ನೋಡಿಕೊಡಿ ಎಂದು ನನ್ನನ್ನು ನಾರಾಯಣ ಪೇಠದ ಒಂದು ಪ್ರೆಸ್ಸಿಗೆ ಕರೆದಿದ್ದರು. ಮಾತಿನ ಗುಳ್ಳೆಗಳನ್ನೆಲ್ಲ ಇಂಗ್ಲಿಷ್ ಅಳತೆಗೆ ಬರೆದು ಚಿತ್ರದೊಳಗೇ ಸೇರಿಸಿಬಿಟ್ಟಿದ್ದರು. ಕನ್ನಡದ ಸಾಲು ಅಡ್ಡಕ್ಕೂ ಉದ್ದ, ಒತ್ತಕ್ಷರಕ್ಕೆ ಕೆಳಗೂ ಜಾಗ ಬೇಕು. ಗುಳ್ಳೆಯಲ್ಲಿ ಕೂರಿಸಲು ಅಕ್ಷರ ಕುಗ್ಗಿಸಿದ್ದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತಿತ್ತು. ನಾಲ್ಕಾರು ಪುಟಗಳಲ್ಲಿ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂತಿತ್ತು. ಪರದೆಯ ಮೇಲೆ ಮಿನುಗುತ್ತಿದ್ದ ರಾತ್ರಿಯ ನೀಲಿ, ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗಿ ಮಸಿಯಂತೆ ಬಂದಿತ್ತು. ಪ್ರೆಸ್ಸಿನ ಯಜಮಾನರು ಪುಟ ಎಣಿಸಿ, ಪಿನ್ ಹೊಡೆಯುವ ಪುಸ್ತಕ ನಾಲ್ಕರ ಮಡಿಯಲ್ಲಿರಬೇಕು, ಇದರಲ್ಲಿ ಎರಡು ಪುಟ ಹೆಚ್ಚಿಗೆ ಇವೆ, ಅವನ್ನೇನು ಮಾಡಲಿ ಎಂದು ಕೇಳಿದರು. ಆ ಪ್ರಶ್ನೆಗೆ ತಂಡದ ಯಾರಲ್ಲೂ ಉತ್ತರವಿರಲಿಲ್ಲ. ದುಡ್ಡು ಕೈಸೇರಿ ಒಂದು ವರ್ಷ ದಾಟಿತ್ತು. ಅದುವರೆಗೆ ಒಬ್ಬರೂ ಪ್ರೆಸ್ಸಿನ ಮೆಟ್ಟಿಲು ಹತ್ತಿರಲಿಲ್ಲ.

ಈ ಒಂದು ಮಾತನ್ನು ನಾನು ಸುಲಭಕ್ಕೆ ಬಿಡಲಾರೆ. ಎಷ್ಟು ಪುಟ, ಯಾವ ಕಾಗದ, ಯಾವ ಬೈಂಡಿಂಗ್, ಎಷ್ಟು ಪ್ರತಿಗೆ ಎಷ್ಟು ಖರ್ಚು ಎಂದು ಹೇಳಲು ಪೇಠಗಳ ಯಾವ ಮುದ್ರಕನೂ ಕಾಸು ತೆಗೆದುಕೊಳ್ಳುವುದಿಲ್ಲ. ಅಪ್ಪಾ ಬಳವಂತ ಚೌಕದಿಂದ ಕಾಲ್ನಡಿಗೆಯ ದೂರದಲ್ಲಿ ಇಂಥವರು ಎಷ್ಟೋ ಮಂದಿ ಇದ್ದಾರೆ. ಅರ್ಧ ದಿನದಲ್ಲಿ ಆಗುವ ಆ ವಿಚಾರಣೆಯನ್ನು ಮಾಡದೆ ಜನರಿಗೆ ತಾರೀಖು ಕೊಟ್ಟಿರಿ ಎಂದರೆ, ಆ ತಾರೀಖನ್ನು ನೀವು ಯಾವತ್ತೂ ನಂಬಿರಲಿಲ್ಲ. ದುಡ್ಡು ಬರಲು ಒಂದು ದಿನಾಂಕ ಬೇಕಿತ್ತು, ಹಾಕಿದಿರಿ. ಇದನ್ನು ಅನುಭವದ ಕೊರತೆ ಎಂದು ಕರೆದು ಸಮಾಧಾನ ಪಡಬೇಡಿ, ಇದು ಅಸಡ್ಡೆ.

ಹೊಸಬರು ತಡಮಾಡುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೂ ಅಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಕ್‌ಸ್ಟಾರ್ಟರಿನಲ್ಲಿ ಹಣ ಪಡೆದ ವಿನ್ಯಾಸ ಮತ್ತು ತಂತ್ರಜ್ಞಾನದ ಯೋಜನೆಗಳಲ್ಲಿ ನೂರಕ್ಕೆ 75ರಷ್ಟು ಹೇಳಿದ ದಿನಕ್ಕೆ ಮುಗಿದಿರಲಿಲ್ಲ. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಕೊಟ್ಟ ಮಾತನ್ನು ಪೂರ್ತಿ ತಪ್ಪಿದ ಯೋಜನೆಗಳು ಸುಮಾರು ಶೇಕಡಾ 9. ತಡವಾದರೂ ಬಹುಪಾಲು ಜನ ಕೊನೆಗೆ ಕೊಟ್ಟೇ ಕೊಡುತ್ತಾರೆ ಎಂದಾಯಿತು. ಇದನ್ನು ಓದಿದವನು ತನ್ನ ತಾರೀಖಿಗೆ ಆರು ತಿಂಗಳು ಸೇರಿಸಿಕೊಳ್ಳಬೇಕು. ನಮ್ಮ ತಂಡಗಳು ಅದೇ ಅಂಕಿ ತೋರಿಸಿ ‘ನೋಡ್ರಿ, ಎಲ್ಲರೂ ಲೇಟೇ’ ಎನ್ನುತ್ತವೆ.

ಅಮೆರಿಕದಲ್ಲಿ 2012ರಲ್ಲಿ ರಿಚ್ ಬರ್ಲ್ಯೂ ಎಂಬ ಕಾಮಿಕ್ಸ್ ಕಲಾವಿದ ತನ್ನ ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಓದುಗರ ಮುಂದೆ ಕೈಯೊಡ್ಡಿದಾಗ 12 ಲಕ್ಷ ಡಾಲರಿಗೂ ಹೆಚ್ಚು ಸೇರಿತು. ಅದೇ ವರ್ಷ ಗಾಜು ತಗುಲಿ ಕೈಗೆ ದೊಡ್ಡ ಗಾಯವಾಗಿ ಚಿತ್ರ ನಿಂತಿತು. ಆತ ಅದನ್ನು ಓದುಗರಿಗೆ ಹೇಳಿದ. ಕೈ ವಾಸಿಯಾಗುವವರೆಗೆ ಓದುಗರು ಕಾದರು. ಅದೇ ದೇಶದಲ್ಲಿ ಇನ್ನೊಬ್ಬ ಕಲಾವಿದರು, ಪುಸ್ತಕ ಎಲ್ಲಿ ಎಂದು ವಿಚಾರಿಸಿದವರ ಮೇಲೆ ಸಿಟ್ಟಿಗೆದ್ದು, 2014ರಲ್ಲಿ 127 ಪ್ರತಿಗಳಿಗೆ ಬೆಂಕಿ ಹಚ್ಚಿ ಅದರ ವಿಡಿಯೊ ಹಾಕಿದರು. ನಮ್ಮವರು ಬೆಂಕಿ ಹಚ್ಚುವುದಿಲ್ಲ, ನಿಜ. ಆದರೆ ಕೇಳಿದವರನ್ನು ಗುಂಪಿನಿಂದ ತೆಗೆಯುವುದನ್ನು ನೋಡಿದ್ದೇನೆ. ‘ಇಷ್ಟು ದುಡ್ಡಿಗೆ ಇಷ್ಟೊಂದು ಕಿರಿಕಿರಿಯೆ’ ಎಂದು ಬರೆದದ್ದನ್ನೂ ಓದಿದ್ದೇನೆ. ಕೊಟ್ಟವರ ದುಡ್ಡು ಸಣ್ಣದು ಎಂದು ಎಣಿಸುವವರು ಅದನ್ನು ತೆಗೆದುಕೊಳ್ಳಲೇಬಾರದಿತ್ತು.

ತಡಕ್ಕೆ ಕಲೆಯ ಹೆಸರು ಹೇಳುವವರು ಲಾ ಕಾಲೇಜ್ ರಸ್ತೆಗೆ ಒಮ್ಮೆ ಹೋಗಿಬರಲಿ. ಅಲ್ಲಿ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯಿದೆ, ಹುಟ್ಟಿದ್ದು 1917ರಲ್ಲಿ. ಮರುವರ್ಷ ಔಂಧ್ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿ, ಮಹಾಭಾರತದ ಎಲ್ಲ ಹಸ್ತಪ್ರತಿಗಳನ್ನು ತಾಳೆ ನೋಡಿ ಒಂದು ಪರಿಷ್ಕೃತ, ಸಚಿತ್ರ ಆವೃತ್ತಿ ತರಬೇಕೆಂದು ಸೂಚಿಸಿ, ಒಂದು ಲಕ್ಷ ರೂಪಾಯಿ ಕೊಡುವ ಮಾತು ಕೊಟ್ಟರು. ಅವರು ಸ್ವತಃ ಚಿತ್ರಕಾರರು, 1916ರಲ್ಲೇ ಚಿತ್ರ ರಾಮಾಯಣ ಪ್ರಕಟಿಸಿದ್ದವರು. ಮಹಾಭಾರತದ ಈ ಆವೃತ್ತಿಯ ಶೀರ್ಷಿಕೆ ಪುಟದಲ್ಲೂ ಚಿತ್ರಗಳು ಅವರವೆಂದು ಅಚ್ಚಾಗಿದೆ. ಸಂಸ್ಥಾನಗಳು, ಸರಕಾರಗಳು, ದಾನಿಗಳು ಸೇರಿ ನಡೆಸಿದ ಕೆಲಸ. ಹೈದರಾಬಾದಿನ ನಿಜಾಮರೂ ಕೊಟ್ಟವರಲ್ಲಿ ಒಬ್ಬರು. ಹಲವರ ದುಡ್ಡಿನಿಂದ ಪುಣೆಯಲ್ಲಿ ಹೊರಟ ಸಚಿತ್ರ ಪುಸ್ತಕ ಎಂದರೆ ಅದೂ ಒಂದು.

1919ರ ಏಪ್ರಿಲ್ 1ರಂದು ಆರ್.ಜಿ. ಭಾಂಡಾರಕರರ ಕೈಯಿಂದ ಶುರುವಾದ ಆ ಕೆಲಸ ಮುಗಿದದ್ದು 1966ರಲ್ಲಿ. 47 ವರ್ಷ! ಭಾಂಡಾರಕರರೂ ಔಂಧದ ರಾಜರೂ ಅದನ್ನು ಪೂರ್ತಿಯಾಗಿ ನೋಡಲಿಲ್ಲ. ಆದರೂ ಆ ಸಂಸ್ಥೆಯನ್ನು ಯಾರೂ ಮೋಸಗಾರ ಎನ್ನಲಿಲ್ಲ. ಏಕೆಂದರೆ 1923ರಲ್ಲೇ, ಆಗಿನ ಸಂಪಾದಕ ಎನ್.ಬಿ. ಉಟಗೀಕರ್ ವಿರಾಟಪರ್ವವನ್ನು ಮಾದರಿಯಾಗಿ ಅಚ್ಚುಹಾಕಿ, ನಮ್ಮ ವಿಧಾನ ಹೀಗಿದೆ, ತಪ್ಪಿದ್ದರೆ ಹೇಳಿ ಎಂದು ವಿದ್ವಾಂಸರ ಮುಂದಿಟ್ಟರು. ಬಂದ ಟೀಕೆಯನ್ನು ಸಂಸ್ಥೆ ನುಂಗಿಕೊಂಡಿತು. 1925ರಲ್ಲಿ ವಿಷ್ಣು ಸೀತಾರಾಮ ಸುಖಠಣಕರ್ ಹೊಣೆ ಹೊತ್ತು ಕೆಲಸದ ಕ್ರಮವನ್ನೇ ಹೊಸದಾಗಿ ಕಟ್ಟಿದರು. ಎರಡು ವರ್ಷಕ್ಕೆ, 1927ರಲ್ಲಿ, ಆದಿಪರ್ವದ ಮೊದಲ ಕಂತು ಹೊರಬಿತ್ತು. ಪೂರ್ತಿ ಪರ್ವಕ್ಕಾಗಿ ಯಾರನ್ನೂ ಕಾಯಿಸಲಿಲ್ಲ, ಆದಷ್ಟನ್ನು ಆದಾಗ ಅಚ್ಚುಹಾಕಿ ಕೊಟ್ಟರು. 1933ರಲ್ಲಿ ಆದಿಪರ್ವ ಮುಗಿದಾಗ ಯಾವ ಹಸ್ತಪ್ರತಿ ಎಲ್ಲಿಯದು, ಯಾವ ಪಾಠವನ್ನು ಏಕೆ ಆರಿಸಿದೆವು, ಯಾವುದನ್ನು ಏಕೆ ಬಿಟ್ಟೆವು ಎಂಬುದನ್ನೆಲ್ಲ ದೀರ್ಘವಾದ ಪ್ರಸ್ತಾವನೆಯಲ್ಲಿ ತೆರೆದಿಟ್ಟರು. 1943ರ ಜನವರಿಯಲ್ಲಿ ಸುಖಠಣಕರ್ ತೀರಿಕೊಂಡಾಗ ಕೆಲಸ ನಿಲ್ಲಲಿಲ್ಲ, ಎಸ್.ಕೆ. ಬೆಳವಲಕರ್, ಅವರ ನಂತರ ಪಿ.ಎಲ್. ವೈದ್ಯ ಅದನ್ನು ದಡ ಮುಟ್ಟಿಸಿದರು. ಎಲ್ಲ ಕಡತವೂ ಮುಂದಿನವರು ಕೈಗೆತ್ತಿಕೊಳ್ಳುವ ಹಾಗೆ ಇತ್ತು. ನಿಮ್ಮ ಕಾಮಿಕ್ಸಿನ ಬಣ್ಣ ಹಾಕುವವನು ಬೇರೆ ಕೆಲಸ ಹಿಡಿದು ಹೋದರೆ ಫೈಲುಗಳು ಅವನ ಲ್ಯಾಪ್‌ಟಾಪಿನಲ್ಲೇ ಹೋಗುತ್ತವೆ, ಯೋಜನೆ ಅಲ್ಲಿಗೆ ನಿಲ್ಲುತ್ತದೆ.

ಹೇಳಿದ ದಿನಕ್ಕೇ ಕೊಡುವ ಶಿಸ್ತಿಗೂ ಈ ನಾಡಿನಲ್ಲಿ ಬರವಿಲ್ಲ. ಕಾಶೀನಾಥ ರಘುನಾಥ ಮಿತ್ರ 1909ರಲ್ಲಿ ‘ಮನೋರಂಜನ’ ಪತ್ರಿಕೆಯ ದೀಪಾವಳಿ ಅಂಕ ತಂದ ಮೇಲೆ ಮರಾಠಿಯಲ್ಲಿ ಅದೊಂದು ವ್ರತವೇ ಆಯಿತು. ಇವತ್ತಿಗೂ ಪ್ರತಿ ವರ್ಷ ನೂರಾರು ದೀಪಾವಳಿ ಅಂಕಗಳು ಹಬ್ಬದೊಳಗೆ ಅಂಗಡಿ ಸೇರುತ್ತವೆ. ನಮ್ಮ ಚಿತ್ರಕಾರರಿಗೆ ಇದು ಇನ್ನೂ ಹತ್ತಿರದ ಮಾತು, ಏಕೆಂದರೆ ಆ ಅಂಕಗಳ ಜೀವಾಳವೇ ಚಿತ್ರ. ಮಧುಕರ ಪಾಟಕರ್ 1951ರಲ್ಲಿ ಶುರುಮಾಡಿದ ‘ಆವಾಜ್’ನಲ್ಲಿ ಪುಟಕ್ಕೆ ಕಿಟಕಿ ಕತ್ತರಿಸಿ ಒಳಗಿನ ಚಿತ್ರ ತೋರಿಸುವ ವ್ಯಂಗ್ಯಚಿತ್ರಗಳು ಬರುತ್ತಿದ್ದವು. ಅದಕ್ಕೆ ಬೇಕಾದ ಹೆಚ್ಚಿನ ಕೆಲಸವೂ ಹಬ್ಬದೊಳಗೇ ಮುಗಿಯಬೇಕಿತ್ತು, ಮುಗಿಯುತ್ತಿತ್ತು. ಬೆಳಗಾವಿ ಜಿಲ್ಲೆಯ ಭೋಜದಲ್ಲಿ 1925ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಶಿ.ದ. ಫಡಣೀಸರು ‘ಮೋಹಿನಿ’ಯ ಮುಖಪುಟಗಳಿಗೆ ಒಂದಕ್ಷರವೂ ಇಲ್ಲದ ನಗೆಚಿತ್ರ ಬರೆದರು. ಪ್ರತಿಭೆಗೆ ಗಡುವು ಒಗ್ಗುವುದಿಲ್ಲ ಎನ್ನುವವರು ಆ ಮುಖಪುಟಗಳನ್ನು ಮುಂದಿಟ್ಟುಕೊಂಡು ಆ ಮಾತು ಹೇಳಲಿ.

ಓದುಗರ ಮುಂಗಡದಲ್ಲಿ ಪುಸ್ತಕ ತರುವುದೂ ನಮಗೆ ಹೊಸದಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿ. ಚಂದಾ ಕೊಟ್ಟವನಿಗೆ ಆ ವರ್ಷದ ಪುಸ್ತಕ ಸಲ್ಲಬೇಕು ಎಂಬ ಒಂದೇ ನೇಮದ ಮೇಲೆ ಆ ಮಾಲೆ ದಶಕಗಳ ಕಾಲ ನಿಂತಿತು. ಒಂದು ವರ್ಷ ಆ ಮಾತು ತಪ್ಪಿದ್ದರೆ ಮರುವರ್ಷದ ಚಂದಾ ಬರುತ್ತಿರಲಿಲ್ಲ. ಇವತ್ತು ಆ ಹೆದರಿಕೆ ಇಲ್ಲ, ಹೊಸ ಯೋಜನೆಗೆ ಹೊಸ ಜನ ಸಿಗುತ್ತಾರೆ.

ಹಾಗೆ ಸಿಗುವಂತೆ ಮಾಡಿದವರು ನಾವು, ದುಡ್ಡು ಕೊಟ್ಟವರು. ‘ಪಾಪ, ಹುಡುಗರು ಏನೋ ಮಾಡ್ತಾ ಇದ್ದಾರೆ, ಬಿಡಿ’ ಎನ್ನುವ ಉದಾರತೆ ನಮಗೆ ಬಹಳ ಹಿತವಾಗಿದೆ. ಕನ್ನಡದ ಕೆಲಸ ಎಂದ ಕೂಡಲೇ ಲೆಕ್ಕ ಕೇಳುವುದು ಅವಮರ್ಯಾದೆ ಎಂದು ಭಾವಿಸುತ್ತೇವೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಆ ಹುಡುಗರೇ ಎದುರು ಸಿಕ್ಕಾಗ ಬೆನ್ನು ತಟ್ಟಿ, ಸೆಲ್ಫಿ ತೆಗೆಸಿಕೊಂಡು, ಪುಸ್ತಕದ ಮಾತೇ ಎತ್ತದೆ ಬರುತ್ತೇವೆ. ಈ ದಾಕ್ಷಿಣ್ಯದ ನಷ್ಟ ನಮ್ಮ ಐನೂರು ರೂಪಾಯಿಯಲ್ಲ. ಮುಂದಿನ ವರ್ಷ ನಿಜವಾಗಿ ಕೆಲಸ ಮುಗಿಸಿ, ಪ್ರೆಸ್ಸಿನ ಕೊಟೇಶನ್ ಕೈಯಲ್ಲಿ ಹಿಡಿದು ಬರುವ ಒಬ್ಬ ಹುಡುಗಿಗೆ ‘ಕಾಮಿಕ್ಸಾ? ಹೋದ ಸಲ ಕೊಟ್ಟಿದ್ದೇ ಬಂದಿಲ್ಲ’ ಎಂಬ ಉತ್ತರ ಸಿಗುತ್ತದೆ. ಶಿಕ್ಷೆ ಅವಳಿಗೆ.

ನಿಜವಾದ ಕಷ್ಟಗಳಿವೆ, ಅವನ್ನು ಅಲ್ಲಗಳೆಯುವುದಿಲ್ಲ. 2022ರ ಸುಮಾರಿಗೆ ಕಾಗದದ ಬೆಲೆ ಏರಿದಾಗ ದೊಡ್ಡ ಪ್ರಕಾಶಕರೇ ತತ್ತರಿಸಿದರು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ್ದರಿಂದ ಅಗ್ಗದಲ್ಲಿ ಪುಸ್ತಕ ಕಳಿಸುವ ದಾರಿ ಮುಚ್ಚಿತು. 2025ರ ಮೇ 1ರಿಂದ ಬಂದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿಯಿಂದ ದರ ಶುರುವಾದರೂ, ಅಲ್ಲಿ ಯಾವ ಬಗೆಯ ಪುಸ್ತಕಕ್ಕೆ ಅವಕಾಶ ಎಂಬ ಕಟ್ಟಳೆಯಿದೆ. ಕಾಮಿಕ್ಸನ್ನು ಒಪ್ಪುತ್ತಾರೋ ಇಲ್ಲವೋ ಎಂದು ಕೌಂಟರಿನಲ್ಲಿ ಮೊದಲೇ ವಿಚಾರಿಸಬೇಕು. ಇವುಗಳಲ್ಲಿ ಯಾವುದನ್ನೇ ಆಗಲಿ ಆದ ವಾರವೇ ಬರೆದು ತಿಳಿಸಿದ್ದರೆ ಜನ ಅಂಚೆ ವೆಚ್ಚದ ವ್ಯತ್ಯಾಸವನ್ನು ತಾವೇ ಕಳಿಸುತ್ತಿದ್ದರು. ಕೇಳಿದ ಮೇಲೆ, ಅದೂ ಮೂರನೆಯ ಸಲ ಕೇಳಿದ ಮೇಲೆ, ಎರಡು ವರ್ಷ ಹಿಂದಿನ ಕಾಗದದ ಬೆಲೆ ಹೇಳಿದರೆ ಅದು ನೆಪವಾಗಿಯೇ ಕೇಳಿಸುತ್ತದೆ.

ಹಾಗಾಗಿ, ಪುಸ್ತಕ ಬಾಕಿ ಇಟ್ಟುಕೊಂಡವರು ಈ ತಿಂಗಳೊಳಗೆ ಮುಗಿದ ಪುಟಗಳನ್ನೆಲ್ಲ ಪಿಡಿಎಫ್ ಮಾಡಿ ಕೊಟ್ಟವರಿಗೆ ಕಳಿಸಿ. ಬಣ್ಣ ಹಾಕದಿದ್ದರೆ ಬರಿಯ ಶಾಯಿಯಲ್ಲೇ ಇರಲಿ, ಶಾಯಿಯೂ ಇಲ್ಲದಿದ್ದರೆ ಪೆನ್ಸಿಲಿನಲ್ಲೇ. ಜೊತೆಗೆ ಎಷ್ಟು ಬಂತು, ವೇದಿಕೆಯ ಪಾಲು ಮತ್ತು ಜಿಎಸ್‌ಟಿ ಎಷ್ಟು ಹೋಯಿತು, ಯಾರಿಗೆ ಎಷ್ಟು ಸಂದಿತು, ಬ್ಯಾಂಕಿನಲ್ಲಿ ಎಷ್ಟಿದೆ ಎಂಬ ಒಂದು ಪುಟದ ಲೆಕ್ಕ. ಟೀ ಶರ್ಟು, ಕೀಚೈನು, ಸಹಿಮಾಡಿದ ಪೋಸ್ಟರು ಎಂದು ಆಸೆ ತೋರಿಸಿದ್ದನ್ನೆಲ್ಲ ಬದಿಗಿಟ್ಟು ಮೊದಲು ಪುಸ್ತಕ ಮುಗಿಸಿ. ಹಣ ವಾಪಸು ಬೇಕೆಂದವರಿಗೆ, ಒಂದೇ ಸಲಕ್ಕೆ ಆಗದಿದ್ದರೆ ಕಂತಿನಲ್ಲಿ, ವಾಪಸು ಕೊಡಿ. ಇದು ಮುಗಿಯುವವರೆಗೆ ಎರಡನೆಯ ಯೋಜನೆಗೆ ಒಂದು ರೂಪಾಯಿಯನ್ನೂ ಕೇಳಬೇಡಿ. ಕೇಳಿದರೆ, ಮೊದಲನೆಯದು ಎಲ್ಲಿ ಎಂದು ಎಲ್ಲರೆದುರಿಗೇ ಕೇಳುವವರಲ್ಲಿ ನಾನೂ ಇರುತ್ತೇನೆ.