ಸಿಸ್ಟರ್‌ಗೆ ಸಕ್ಕರೆ ಕಾಯಿಲೆ ಬಂದರೆ ತಪ್ಪು ಯಾರದು?

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎಂದು ರೋಗಿಗಳಿಗೆ ಹೇಳುವವರು ನರ್ಸ್‌ಗಳು. ಆ ಎರಡೂ ಅವರಿಗೇ ಸಿಗುವುದಿಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಾಗಲಿ, ವಿಜಯವಾಡದ ಸರ್ಕಾರಿ ಜನರಲ್ ಆಸ್ಪತ್ರೆಯಾಗಲಿ, ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಗಲಿ, ವಾರ್ಡಿಗೆ ರಾತ್ರಿ ಎಂಬುದಿಲ್ಲ.

ಆದರೆ ದೇಹಕ್ಕೆ ರಾತ್ರಿ ಇದೆ. ಕತ್ತಲಾದ ಮೇಲೆ ಇನ್ಸುಲಿನ್ ಕೆಲಸ ನಿಧಾನವಾಗುತ್ತದೆ. ಬೆಳಿಗ್ಗೆ ತಿಂದ ಅದೇ ಇಡ್ಲಿಯನ್ನು ನಡುರಾತ್ರಿ ತಿಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ. ನಿದ್ದೆ ಕೆಟ್ಟರೆ ಹಸಿವೂ ಹೆಚ್ಚುತ್ತದೆ. ಕೈ ಬಜ್ಜಿ, ಬಿಸ್ಕತ್ತು, ಸಿಹಿ ಚಹಾದ ಕಡೆಗೇ ಹೋಗುತ್ತದೆ. ಮನೆಗೆ ಬಂದು ಹಗಲು ಮಲಗೋಣವೆಂದರೆ ಬೇಸಿಗೆಯಲ್ಲಿ ವಿಜಯವಾಡದಲ್ಲಿ 40 ಡಿಗ್ರಿ ದಾಟುವ ಬಿಸಿಲು, ವಿಶಾಖಪಟ್ಟಣದಲ್ಲಿ ಕಡಲ ಸೆಖೆ. ಮೇಲೆ ಅಡುಗೆ, ಮಕ್ಕಳು.

ಅಮೆರಿಕದ ಸುಮಾರು 1.77 ಲಕ್ಷ ನರ್ಸ್‌ಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 20 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ರಾತ್ರಿ ಪಾಳಿ ಮಾಡಿದವರಲ್ಲಿ ಮಧುಮೇಹದ ಅಪಾಯ ಶೇ 58ರಷ್ಟು ಹೆಚ್ಚಿತ್ತು. ದೇಹತೂಕದ ಪ್ರಭಾವವನ್ನು ಬೇರ್ಪಡಿಸಿ ನೋಡಿದರೂ ಶೇ 24ರಷ್ಟು ಉಳಿಯಿತು. ಅಂದರೆ ಎಲ್ಲವನ್ನೂ "ಬಾಯಿ ಚಪಲ" ಎಂದು ತಳ್ಳಿಹಾಕುವಂತಿಲ್ಲ.

ನರ್ಸ್‌ಗಳು ಗಮನಿಸಬೇಕಾದ ಐದು ಅಂಕಿಗಳು:
• ಸೊಂಟದ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು (ಪುರುಷರಿಗೆ 90)
• ಬಿಪಿ 130/85 ಅಥವಾ ಹೆಚ್ಚು
• ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು
• ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು
• ಒಳ್ಳೆಯ ಕೊಲೆಸ್ಟ್ರಾಲ್ 50ಕ್ಕಿಂತ ಕಡಿಮೆ (ಪುರುಷರಿಗೆ 40)
ಇವುಗಳಲ್ಲಿ ಮೂರು ಇದ್ದರೆ ಅದೇ ಮೆಟಬಾಲಿಕ್ ಸಿಂಡ್ರೋಮ್. ನೋವಿಲ್ಲ, ಜ್ವರವಿಲ್ಲ, ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಕೈಲಾದದ್ದು ಇಷ್ಟು: ಡ್ಯೂಟಿಗೆ ಹೊರಡುವ ಮುನ್ನ ಪೂರ್ತಿ ಊಟ ಮುಗಿಸಿ. ನಡುರಾತ್ರಿಯ ನಂತರ ಹಸಿವಾದರೆ ಮಜ್ಜಿಗೆ, ಹುರಿಗಡಲೆ, ಮೊಟ್ಟೆ ಸಾಕು. ಕೊನೆಯ ಚಹಾ 2 ಗಂಟೆಯೊಳಗೆ ಇರಲಿ. ಮನೆಯಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗಿ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.

ಆದರೆ ಉಪದೇಶವೆಲ್ಲ ನರ್ಸ್‌ಗೇ ಏಕೆ? ಡ್ಯೂಟಿ ಪಟ್ಟಿ ಬರೆಯುವವರಿಗೂ ಒಂದು ಚೀಟಿ ಬೇಕು: ಸಾಲುಸಾಲು ರಾತ್ರಿ ಪಾಳಿ ಹಾಕಬೇಡಿ, ರಾತ್ರಿಯೂ ಕ್ಯಾಂಟೀನಿನಲ್ಲಿ ನೆಟ್ಟಗಿನ ಊಟ ಸಿಗಲಿ, ಅರ್ಧ ಗಂಟೆ ಒರಗಲು ಜಾಗವಿರಲಿ, ವರ್ಷಕ್ಕೊಮ್ಮೆ ಉಚಿತ ತಪಾಸಣೆ ಆಗಲಿ. ನಮ್ಮನ್ನು ಕಾಯುವವರನ್ನು ಕಾಯುವುದು ಆಸ್ಪತ್ರೆಯ ಕೆಲಸವೇ.

ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ನರ್ಸ್ ಇದ್ದರೆ ಇದನ್ನು ಕಳುಹಿಸಿ. ಅವರು ಹಗಲು ಮಲಗಿರುವಾಗ ಮಾತ್ರ ಕರೆ ಮಾಡಬೇಡಿ.