ಮನೆಯ ಹಸ್ತಪ್ರತಿಗಳಿಗೊಂದು ನೆಲೆ



ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಹಿರಿಯರು ಬರೆದಿಟ್ಟ ವಚನವ್ಯಾಖ್ಯಾನದ ನೋಟುಪುಸ್ತಕಗಳು, ಪ್ರವಚನದ ಟಿಪ್ಪಣಿಗಳು ಇಂದಿಗೂ ಪೆಟ್ಟಿಗೆಯ ತಳದಲ್ಲಿ ಉಳಿದಿರುವುದುಂಟು. ಮನೆ ಕೆಡವಿ ಮಹಡಿಗಳನ್ನೆಬ್ಬಿಸುವಾಗ ಮೊದಲು ರದ್ದಿಯ ಪಾಲಾಗುವವು ಅವೇ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು; ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇಂದಿನವರಿಗೆ ಅಷ್ಟು ತ್ಯಾಗ ಬೇಕಿಲ್ಲ. ಗಿಟ್‌ಹಬ್ ಎಂಬ ಸಂಸ್ಥೆ 2008ರಿಂದ ತನ್ನ 'ಪೇಜಸ್' ಸೌಕರ್ಯದಲ್ಲಿ ಇಂತಹ ಬರಹಗಳಿಗೆ ಉಚಿತವಾಗಿ ಸ್ಥಳ ಕೊಡುತ್ತ ಬಂದಿದೆ.

ಅದು ತಂತ್ರಾಂಶ ರಚಿಸುವವರ ಭಂಡಾರ. ಅಲ್ಲಿ ಒಂದು ಖಾತೆ ತೆರೆದು, ತಮ್ಮ ಬಳಕೆಯ ಹೆಸರಿನ ಮುಂದೆ 'ಗಿಟ್‌ಹಬ್.ಐಒ' ಎಂದು ಸೇರಿಸಿ ಅದೇ ಹೆಸರಿನ ಕಣಜವೊಂದನ್ನು ರಚಿಸಬೇಕು. ಬರಹವನ್ನು ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದಲ್ಲಿ ಅದರೊಳಗಿಡಬೇಕು. ಜೆಕಿಲ್ ಎಂಬ ಸಾಧನ ಅದನ್ನು ಓದುವ ಪುಟವನ್ನಾಗಿ ಮಾಡುತ್ತದೆ. ಮನೆಯ ಹುಡುಗರಿಗೆ ಇದು ಒಂದು ಸಂಜೆಯ ಕೆಲಸ. ಒಂದು ತಾಣಕ್ಕೆ 1 ಜಿ.ಬಿ. ಮಿತಿಯುಂಟು, 1993ರಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದನ್ನೂ ಬರಿಯ ಪಠ್ಯವಾಗಿ ಇಟ್ಟರೂ ಅದು ತುಂಬದು.

ನನಗೆ ಮೆಚ್ಚಿಗೆಯಾದುದು ಬೇರೊಂದು ಗುಣ. ಗ್ರಂಥಸಂಪಾದನೆಯಲ್ಲಿ ನಾವು ಪಡುವ ಪಾಡೆಲ್ಲ ಪಾಠಾಂತರದ್ದು: ಯಾವ ಲಿಪಿಕಾರ ಎಲ್ಲಿ ತಿದ್ದಿದನೆಂಬುದು ಓಲೆಗರಿಯಲ್ಲಿ ತಿಳಿಯದು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ತಂತ್ರವಾದರೋ ಯಾರು, ಯಾವ ದಿನ, ಯಾವ ಅಕ್ಷರ ಬದಲಿಸಿದರೆಂಬುದನ್ನು ದಾಖಲಿಸುತ್ತದೆ. ಹಳೆಯ ಪಾಠ ಅಳಿಯದೆ ಹಿಂದೆ ನಿಂತಿರುತ್ತದೆ. ಇಂತಹ ಅನುಕೂಲ ನಮ್ಮ ಸಂಪಾದಕರಿಗೆ ಒದಗಿದ್ದರೆ ಎಷ್ಟು ವಾದಗಳು ಮುಗಿದಿರುತ್ತಿದ್ದವೋ!

ಸಂಸ್ಥೆಯೇ ಮುಚ್ಚಿದರೆ? ಶಂಕೆ ಸಲ್ಲದ್ದಲ್ಲ. ಇದೇ ಬಗೆಯ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಗಿಟ್‌ಹಬ್ ಕೂಡ 2018ರಲ್ಲಿ ಮೈಕ್ರೋಸಾಫ್ಟ್ ಕೈಸೇರಿತು. ಆದರೆ ಗಿಟ್‌ನಲ್ಲಿ ಪ್ರತಿ ತೆಗೆದುಕೊಂಡವನ ಗಣಕದಲ್ಲಿ ತಿದ್ದುಪಡಿಯ ಇತಿಹಾಸಸಹಿತ ಇಡೀ ಭಂಡಾರವಿರುತ್ತದೆ. ಆದಕಾರಣ ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಒಂದೊಂದು ಪ್ರತಿ ಇಟ್ಟುಕೊಳ್ಳುವುದು ಉಚಿತ.

ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಏರಿಸತಕ್ಕದ್ದು. ಇಲ್ಲವಾದರೆ ಓದುವವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟಾಗಿ ಮೂಲದೊಡನೆ ಸಾಲುಸಾಲಾಗಿ ಹೋಲಿಸಬೇಕು.

ಉಚಿತ ಖಾತೆಯ ಪುಟಗಳ ಕಣಜ ಲೋಕಕ್ಕೆಲ್ಲ ತೆರೆದಿರುತ್ತದೆ. ಜಾತಕ, ಆಸ್ತಿಪತ್ರಗಳಿಗೆ ಅದು ತಾವಲ್ಲ. ಹನ್ನೆರಡನೆಯ ಶತಮಾನದ ವಚನಗಳಿಗೆ ಯಾರ ಹಕ್ಕೂ ಇಲ್ಲವಾದರೂ ಆಧುನಿಕರ ವ್ಯಾಖ್ಯಾನಕ್ಕೆ ಲೇಖಕರು ಲಿಂಗೈಕ್ಯರಾದ ಬಳಿಕ 60 ವರ್ಷ ಹಕ್ಕುಸ್ವಾಮ್ಯವುಂಟು. 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರ ಬರಹಗಳು 2025ರ ಆರಂಭದಿಂದ ಮುಕ್ತವಾಗಿವೆ. ತಮ್ಮ ಅಜ್ಜನವರ ಟಿಪ್ಪಣಿಯಾದರೆ ವಾರಸುದಾರರೆಲ್ಲರ ಒಪ್ಪಿಗೆ ಪಡೆದು, ಮೊದಲ ಸಾಲಿನಲ್ಲೇ ಬರೆದವರ ಹೆಸರು, ಊರು, ಕಾಲಗಳನ್ನು ನಮೂದಿಸಿರಿ. ಬೆರಳಚ್ಚಾಯಿತೆಂದು ಮೂಲ ಪುಸ್ತಕವನ್ನು ಮಾತ್ರ ರದ್ದಿಗೆ ಹಾಕದಿರಿ.